ಪ್ರತಿಕ್ರಿಯೆ: ವಿ-2 ಕ್ಷಿಪಣಿಯಿಂದ್ಲೇ ಸ್ಪೇಸ್ ರಾಕೆಟ್ ಬಂತಾ?

ಹಿಟ್ಲರ್ ಕಾಲದ ವಿ-2 ಕ್ಷಿಪಣಿಯಿಂದ್ಲೇ ಸ್ಪೇಸ್ ರಾಕೆಟ್ ಹುಟ್ಟಿದ್ದು ಅನ್ನೋದು ನಿಜಾನಾ ಅಂತ ಕೇಳಿದ್ರಿ. ಬಹುಪಾಲು ನಿಜ. ಅಮೆರಿಕದ ವಿಜ್ಞಾನಿ ಗೊಡ್ಡಾರ್ಡ್ 1926ರಲ್ಲೇ ದ್ರವ ಇಂಧನದ ಪುಟ್ಟ ರಾಕೆಟ್ ಹಾರಿಸಿದ್ರು, ಆದ್ರೆ ಅದನ್ನ ದೊಡ್ಡ ಸೈಜಿಗೆ ತರೋಕೆ ದುಡ್ಡು ಸುರಿದಿದ್ದು ಜರ್ಮನ್ ಸೇನೆ.

ವಿ-2 ಇಂಜಿನ್ನೇ ನೋಡಿ, ಆಲ್ಕೋಹಾಲ್ ಮತ್ತೆ ದ್ರವ ಆಕ್ಸಿಜನ್ ಎರಡನ್ನೂ ಒಂದು ಟರ್ಬೋಪಂಪ್ ರಭಸವಾಗಿ ಒಳಗೆ ತಳ್ಳುತ್ತೆ, ಆ ಪಂಪ್ ತಿರುಗೋದು ಹೈಡ್ರೋಜನ್ ಪೆರಾಕ್ಸೈಡ್ ಒಡೆದಾಗ ಬರೋ ಬಿಸಿ ಹಬೆಯಿಂದ. ರಷ್ಯಾದವರು ವಿ-2ನ ನಕಲು ಮಾಡಿ ಆರ್-1 ಅನ್ನೋ ಕ್ಷಿಪಣಿ ಕಟ್ಟಿದ್ರು, ಆಮೇಲೆ ಹೈಡ್ರೋಜನ್ ಬಾಂಬ್ ಹೊರೋಕೆ ಅಂತ ಮಾಡಿದ ಆರ್-7 1957ರಲ್ಲಿ ಮೊದಲ ಉಪಗ್ರಹ ಸ್ಪುಟ್ನಿಕ್ ಹೊತ್ಕೊಂಡು ಹೋಯ್ತು, ಅದೇ ವಂಶದ ಸೋಯುಜ್ ರಾಕೆಟ್‌ನಲ್ಲಿ ಪಂಪ್ ತಿರುಗಿಸೋದು ಇವತ್ತಿಗೂ ಪೆರಾಕ್ಸೈಡೇ! ಅಮೆರಿಕದ ಕಡೆ, ಜರ್ಮನಿಯಲ್ಲಿ ವಿ-2 ರೂಪಿಸಿ ಯುದ್ಧ ಮುಗಿದ್ಮೇಲೆ ಅಲ್ಲಿಗೆ ಹೋದ ಇಂಜಿನಿಯರ್ ಫಾನ್ ಬ್ರೌನ್ ತಂಡದ ರೆಡ್‌ಸ್ಟೋನ್ ಕೂಡ ಕ್ಷಿಪಣೀನೇ, 1961ರಲ್ಲಿ ಅಮೆರಿಕದ ಮೊದಲ ಗಗನಯಾತ್ರಿ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋಗಿದ್ದು ಅದರಲ್ಲೇ.

ಆದ್ರೆ ಬರೀ ಬಾಹ್ಯಾಕಾಶದ ಕಥೆ ಹೇಳಿ ಇದೊಂದನ್ನ ಬಿಡೋದು ನನಗೆ ಸರಿ ಕಾಣಲ್ಲ: ವಿ-2ಗಳನ್ನ ಜೋಡಿಸಿದ್ದು ಡೋರಾ ಅನ್ನೋ ನಾಜಿ ಯಾತನಾ ಶಿಬಿರದ ಕೈದಿಗಳು, ಬೆಟ್ಟದೊಳಗಿನ ಸುರಂಗದಲ್ಲಿ, ಹಸಿವು, ಕಾಯಿಲೆ, ಹೊಡೆತದ ನಡುವೆ. ಅದು ಬಿದ್ದು ಸತ್ತೋರಿಗಿಂತ ಅದನ್ನ ಮಾಡ್ತಾ ಸತ್ತೋರೇ ಜಾಸ್ತಿ. ಫಾನ್ ಬ್ರೌನ್ ಆ ಫ್ಯಾಕ್ಟರಿಗೆ ಹೋಗಿ ಬರ್ತಿದ್ರು, ಅವರಿಗೆ ಇದು ಗೊತ್ತಿತ್ತು.