ಅಮ್ಮನಿಗೆ ಮರೆವು ಅಂತ ಬಂದ ಮೂವರು ಮಕ್ಕಳು

ಹಿರಿಯರ ಆರೈಕೆ ಬಗ್ಗೆ ಮನೆಯವರಿಗೆ ಸಲಹೆ ಕೊಡೋದು ನನ್ನ ಕೆಲಸ. ಈ ಪ್ರಕರಣದಲ್ಲಿ ಮೊದಲ ಫೋನ್ ಬಂದದ್ದು ನ್ಯೂಜೆರ್ಸಿಯಿಂದ. "ಮೇಡಂ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಮೈಸೂರಲ್ಲಿ ಒಳ್ಳೆ ವೃದ್ಧಾಶ್ರಮ ಇದ್ರೆ ಹೇಳಿ, ದುಡ್ಡಿನ ಯೋಚನೆ ಬೇಡ." ಮೊದಲ ಫೋನಲ್ಲೇ ದುಡ್ಡಿನ ಮಾತು ಬಂದರೆ ನಾನು ಸ್ವಲ್ಪ ಹುಷಾರಾಗುತ್ತೇನೆ.

ಅಮ್ಮನನ್ನು ಸರೋಜಮ್ಮ ಅನ್ನೋಣ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. 78 ವರ್ಷ, ಯಜಮಾನರು ತೀರಿಕೊಂಡಿದ್ದಾರೆ, ಮೈಸೂರಿನ ಸ್ವಂತ ಮನೆಯಲ್ಲಿ ಒಬ್ಬರೇ. ಹಿರಿ ಮಗ ಅಮೆರಿಕದಲ್ಲಿ, ಕಿರಿಯವನು ಬೆಂಗಳೂರಲ್ಲಿ, ನಡುವಿನ ಮಗಳು ಎರಡು ಬೀದಿ ಆಚೆ. ದೂರು ಏನಪ್ಪಾ ಅಂದರೆ, ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಡುತ್ತಾರೆ, ಒಂದು ಸಲ ಹಾಲು ಒಲೆ ಮೇಲಿಟ್ಟು ಮರೆತಿದ್ದಾರೆ, ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದಾರೆ.

ಮನೆಗೆ ಹೋದೆ. ಜೊತೆಗೆ ನಮ್ಮ ಕೇರ್ ಮ್ಯಾನೇಜರ್, ನರ್ಸಿಂಗ್ ಓದಿ ಆಸ್ಪತ್ರೆಯಲ್ಲಿ ದುಡಿದವರು. ಇವರನ್ನು ಎಲ್ಲರೂ ಹೋಮ್ ನರ್ಸ್ ಅಂದುಕೊಳ್ಳುತ್ತಾರೆ, ಅದು ತಪ್ಪು. ಹೋಮ್ ನರ್ಸ್ ಮನೆಯಲ್ಲಿದ್ದು ನೋಡಿಕೊಳ್ಳುವವರು. ಕೇರ್ ಮ್ಯಾನೇಜರ್ ಯಾವ ಡಾಕ್ಟರು, ಯಾವ ಮಾತ್ರೆ, ಮನೆಯಲ್ಲಿ ಏನು ಬದಲಾಗಬೇಕು, ಕೆಲಸಕ್ಕೆ ಬರುವವರು ಎಂಥವರು ಅಂತೆಲ್ಲ ನೋಡಿ, ಮಕ್ಕಳಿಗೆ ಇದ್ದದ್ದು ಇದ್ದ ಹಾಗೆ ವರದಿ ಕೊಡುವವರು.

ಅವರು ಹೋದ ತಕ್ಷಣ ಕೇಳಿದ್ದು ಮಾತ್ರೆ ಡಬ್ಬಿ. ಹಳೇ ಬಿಸ್ಕತ್ ಡಬ್ಬಿ ಬಂತು. ಒಳಗೆ ಬಿಪಿಗೆ ಎರಡು ಹೆಸರಿನ ಮಾತ್ರೆ, ಒಂದು ಹಳೇ ಡಾಕ್ಟರು ಬರೆದದ್ದು, ಇನ್ನೊಂದು ಹೃದಯದ ಡಾಕ್ಟರು ಬರೆದದ್ದು. ಮಾತ್ರೆ ಹಾಳೆಯ ಹಿಂದಿನ ಸಣ್ಣ ಅಕ್ಷರ ಓದಿದರೆ ಎರಡೂ ಒಂದೇ ಔಷಧಿ, ಅಮ್ಲೋಡಿಪಿನ್! ದಿನಾ ಎರಡನ್ನೂ ನುಂಗುತ್ತಿದ್ದರು. ಎದ್ದು ನಿಂತಾಗ ತಲೆ ಸುತ್ತದೆ ಇನ್ನೇನಾಗುತ್ತೆ? ಸಾಲದ್ದಕ್ಕೆ, ಯಾವತ್ತೋ ನೆಗಡಿಗೆ ತಂದ ಮಾತ್ರೆಯಿಂದ ಚೆನ್ನಾಗಿ ನಿದ್ದೆ ಬಂತು ಅಂತ ಪ್ರತಿ ರಾತ್ರಿ ಒಂದೊಂದು. ನೆಗಡಿಯ ಆ ಹಳೇ ಕಾಲದ ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಅಂಗಡಿಯವರು ಕೇಳದೆ ಕೊಡುತ್ತಾರೆ, ಇವರು ಹೇಳದೆ ತೊಗೊಳ್ಳುತ್ತಾರೆ.

ಇನ್ನೊಂದು ತೊಂದರೆ ಕಿವಿಯದ್ದು. ನಾನು ಎದುರಿಗೆ ಕೂತು ಮಾತಾಡಿದರೆ ಸರೋಜಮ್ಮ ಸರಿಯಾಗೇ ಉತ್ತರಿಸುತ್ತಿದ್ದರು, ಬೆನ್ನ ಹಿಂದಿನಿಂದ ಕೇಳಿದರೆ ಎಲ್ಲಾ ತಾಳ ತಪ್ಪುತ್ತಿತ್ತು.

ಮಕ್ಕಳು ಮೂವರೂ ಸೇರಿದ್ದು ಒಂದು ಭಾನುವಾರ, ಹಿರಿಯವನು ವಿಡಿಯೋದಲ್ಲಿ. ಹದಿನೈದು ನಿಮಿಷ ಆಶ್ರಮ, ಹೋಮ್ ನರ್ಸ್, ಮನೆ ಮಾರೋದು ಅಂತ ವಾದ ನಡೆಯಿತು. ಸರೋಜಮ್ಮ ಸುಮ್ನೆ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮ, ನನ್ನೆದುರಿಗೇ ನನ್ನ ವಿಷ್ಯ ಮಾತಾಡ್ತಾರೆ, ನಾನೇನು ರಿಪೇರಿಗೆ ಬಂದ ಕುಕ್ಕರ್ರಾ?" ಅಂದರು. ನಾನು ಬೇಕಂತಲೇ ಏನೂ ಹೇಳಲಿಲ್ಲ. ಕಿರಿಯವನೇ ಮೊದಲು, "ನಿಂಗೇನು ಬೇಕಮ್ಮ?" ಅಂತ ಕೇಳಿದ. ಅವರಿಗೆ ಬೇಕಿದ್ದದ್ದು ಜಾಸ್ತಿ ಏನಲ್ಲ. ತನ್ನ ಮನೆ, ಬೆಳಿಗ್ಗೆ ತಾನೇ ಮಾಡಿದ ಕಾಫಿ, ಮತ್ತೆ ಮಗಳು ಬಂದಾಗ ಐದು ನಿಮಿಷ ಕೂತುಕೊಳ್ಳೋದು. "ಇವಳು ಬಂದವಳೇ ಪಾತ್ರೆ, ಬಟ್ಟೆ, ಬಿಪಿ ಮೆಷಿನ್ನು. ಮುಖ ಕೊಟ್ಟು ಮಾತಾಡಲ್ಲ."

ಮಗಳು ಅತ್ತುಬಿಟ್ಟರು. ಅಲ್ಲಿಗೆ ನನಗೆ ನಿಜವಾದ ಪ್ರಕರಣ ಸಿಕ್ಕಿತು. ವಾರದಲ್ಲಿ ಅಮ್ಮನಿಗಾಗಿ ಏನೇನು ಮಾಡುತ್ತೀರಿ ಬರೆಯಿರಿ ಅಂತ ಮೂವರಿಗೂ ಹೇಳಿದೆ. ಮಗಳದ್ದು ನಾಲ್ಕು ಪುಟ. ಕಿರಿಯವನದ್ದು ಅರ್ಧ. ಹಿರಿಯವನು ಎರಡೇ ಸಾಲು ಬರೆದಿದ್ದ, ದುಡ್ಡು ಮತ್ತು ವಿಡಿಯೋ ಕಾಲ್. ತಂಗಿಯ ಪಟ್ಟಿ ಓದಿ ಕ್ಯಾಮೆರಾ ಆಫ್ ಮಾಡಿದ, ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ಅವನನ್ನು ಬೈಯೋದು ಸುಲಭ, ಆದರೆ ಅವನಿಗೆ ಯಾರೂ ಕೆಲಸ ಹೇಳಿರಲಿಲ್ಲ, ದುಡ್ಡು ಮಾತ್ರ ಕೇಳಿದ್ದರು.

ನಾನು ಹೇಳಿದ್ದು ಇಷ್ಟು. ಆಶ್ರಮದ ಮಾತು ಮೂರು ತಿಂಗಳು ಎತ್ತಬೇಡಿ. ಮೊದಲು ಎಲ್ಲಾ ಮಾತ್ರೆಯನ್ನೂ ಒಬ್ಬರೇ ಡಾಕ್ಟರ ಮುಂದೆ ಸುರಿಯಿರಿ, ನೀವೇ ಯಾವುದನ್ನೂ ನಿಲ್ಲಿಸಬೇಡಿ. ಕಿವಿ ಪರೀಕ್ಷೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಊರಲ್ಲೇ ಇದೆ, ಹೋಗಿ. ಕಿವಿ ಕೇಳದವರಿಗೆ ಮರೆವಿನ ಪರೀಕ್ಷೆ ಮಾಡಿದರೆ ಫಲಿತಾಂಶ ನೆಚ್ಚುವ ಹಾಗಿಲ್ಲ, ಆದ್ದರಿಂದ ಅದು ಆಮೇಲೆ. ಬಚ್ಚಲಲ್ಲಿ ಹಿಡಿಕೆ, ರಾತ್ರಿಗೊಂದು ದೀಪ, ಜಾರುವ ಕಾಲೊರಸು ಹೊರಗೆ, ತಾನೇ ಆಫ್ ಆಗುವ ಇಂಡಕ್ಷನ್ ಒಲೆ. ಔಷಧಿ ತರಿಸೋದು, ಬಿಲ್ಲು, ಡಾಕ್ಟರ ಅಪಾಯಿಂಟ್‌ಮೆಂಟು, ವಾರದ ವರದಿ ಓದಿ ಕೇರ್ ಮ್ಯಾನೇಜರ್ ಜೊತೆ ಮಾತಾಡೋದು, ಇವೆಲ್ಲ ನ್ಯೂಜೆರ್ಸಿಯಿಂದಲೇ ಆಗುತ್ತವೆ, ಹಿರಿಯವನಿಗೆ. ಕಿರಿಯವನು ತಿಂಗಳಲ್ಲಿ ಎರಡು ಶನಿವಾರ ಬಂದಿರಬೇಕು, ಆ ದಿನ ಮಗಳು ಬರಕೂಡದು.

ಮನೆಯ ವಿಷಯ ಬಂದೇ ಬಂತು. ಹಿರಿಯವನಿಗೆ ಪವರ್ ಆಫ್ ಅಟಾರ್ನಿ, ಅಂದರೆ ಅಮ್ಮನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಬೇಕಿತ್ತು. ಅಮ್ಮನಿಗೆ ನಿಜವಾಗಿಯೂ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಪತ್ರ ನಿಲ್ಲೋದಿಲ್ಲ ಅಂತ ತಿಳಿಸಿದೆ. ಮುಂದೆ ಯಾರಿಗಾದರೂ ದಾನಪತ್ರ ಮಾಡಿದರೂ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಅದರಲ್ಲೇ ಬರೆಸಿ, ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ನಿನ ರಕ್ಷಣೆ ಕೇಳುವಾಗ ಆ ಸಾಲು ಬೇಕಾಗುತ್ತದೆ ಅಂತ ಸರೋಜಮ್ಮನಿಗೇ ಹೇಳಿದೆ, ಮಕ್ಕಳ ಎದುರಿಗೇ. ಅವರು ತಲೆಯಾಡಿಸಿ, ಸದ್ಯಕ್ಕೆ ಯಾರಿಗೂ ಇಲ್ಲ ಅಂದರು.

ಕೇರ್ ಮ್ಯಾನೇಜರ್ ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇರಲ್ಲ, ಗೊತ್ತು. ಮಾತ್ರೆ ಡಬ್ಬಿ ಸುರಿದು ನೋಡೋದಕ್ಕೆ, ಕೆಲಸ ಬರೆದು ಹಂಚಿಕೊಳ್ಳೋದಕ್ಕೆ ದುಡ್ಡು ಬೇಕಿಲ್ಲ. ಹಿರಿಯರ ಸಹಾಯವಾಣಿ 14567 ಕೂಡ ಉಚಿತ.

ಮೂರು ತಿಂಗಳಾಯಿತು. ಮತ್ತೆ ಬಿದ್ದಿಲ್ಲ. ಮರೆವು ಪೂರ್ತಿ ಹೋಗಿಲ್ಲ, ಡಾಕ್ಟರು ಸ್ವಲ್ಪ ಇದೆ, ಆರು ತಿಂಗಳಿಗೊಮ್ಮೆ ನೋಡೋಣ ಅಂದಿದ್ದಾರೆ. ಕಿವಿಯ ಮೆಷಿನ್ನು ಅರ್ಧ ದಿನ ಕಿವಿಯಲ್ಲಿ, ಅರ್ಧ ದಿನ ದೇವರ ಗೂಡಲ್ಲಿ. ಅದಕ್ಕೆ ಈಗ ದಿನಾ ಸಂಜೆ ಜಗಳ ಮಾಡೋದು ನ್ಯೂಜೆರ್ಸಿಯ ಮಗ.