ವಯಸ್ಕರು ದುಬಾರಿ ಬೆಲೆಯ ದೊಡ್ಡ ಟೆಡ್ಡಿ ಕೊಳ್ಳುವುದು ಸರಿಯೇ?

ಮೂವತ್ತೈದು ದಾಟಿದ ನೀವು ಚಿತ್ರದುರ್ಗದಲ್ಲಿ ಒಬ್ಬರೇ ಇರುವುದಾಗಿಯೂ, ರಾತ್ರಿಯ ಒಂಟಿತನಕ್ಕೆ ಜೊತೆಯಾಗಲೆಂದು ಐದಡಿಯ ದುಬಾರಿ ಟೆಡ್ಡಿಯೊಂದನ್ನು ಕೊಳ್ಳುವ ಆಸೆಯಿದ್ದರೂ ನೋಡಿದವರು ನಕ್ಕಾರೆಂಬ ಅಳುಕಿರುವುದಾಗಿಯೂ ಬರೆದಿದ್ದೀರಿ. ಧಾರಾಳವಾಗಿ ಕೊಳ್ಳಿರಿ. ಆದರೆ ಐದಡಿಯದು ಬೇಡ.

ನಾನು ದಾವಣಗೆರೆಯ ನಿವೃತ್ತ ಶಿಕ್ಷಕಿ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮಗಳು ತಂದುಕೊಟ್ಟ ಮೂರಡಿಯ ಕರಡಿ ನನ್ನ ಹಾಸಿಗೆಯಲ್ಲಿದೆ. ಮಗ್ಗುಲಾಗಿ ಮಲಗಿ ಮೇಲಿನ ತೋಳನ್ನು ಅದರ ಹೊಟ್ಟೆಯ ಮೇಲೆ ಹಾಕಿಕೊಂಡರೆ ಭುಜ ಮುಂದಕ್ಕೆ ಜಗ್ಗುವುದಿಲ್ಲ. ಅದರ ಕಾಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡರೆ ಸೊಂಟಕ್ಕೂ ಆಸರೆಯಾಗುತ್ತದೆ. ಆಳೆತ್ತರದ ಗೊಂಬೆಯಾದರೆ ತೋಳಿಗೆ ಸಿಗುವುದಿಲ್ಲ, ಹಾಸಿಗೆಯ ಅರ್ಧವನ್ನು ಅದೇ ಆಕ್ರಮಿಸಿಬಿಡುತ್ತದೆ.

ಮೆತ್ತನೆಯ ಸ್ಪರ್ಶದ ಹಂಬಲ ಹಸಿವಿನಷ್ಟೇ ಆಳವಾದದ್ದು. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಯಿಯಿಂದ ಅಗಲಿಸಿದ ಕೋತಿಮರಿಗಳು ಹಾಲು ಕೊಡುವ ತಂತಿಯ ಬೊಂಬೆಯ ಬಳಿಗೆ ಹಸಿದಾಗ ಮಾತ್ರ ಹೋಗಿ, ಉಳಿದ ಹೊತ್ತನ್ನೆಲ್ಲ ಬಟ್ಟೆ ಹೊದಿಸಿದ ಬೊಂಬೆಯನ್ನು ತಬ್ಬಿಕೊಂಡೇ ಕಳೆದವು. ಆ ಮರಿಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅಜ್ಜಿಯ ಸೀರೆಗಳಿಂದ ಹೊಲಿದ ಕೌದಿ ಹೊದೆಯದೆ ನಿದ್ದೆ ಬಾರದ ಹಿರಿಯರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ.

ಬೆಲೆ ಹೆಚ್ಚಾದಂತೆ ಮೆತ್ತಗಾಗುತ್ತದೆಂದು ಮಾತ್ರ ತಿಳಿಯಬೇಡಿ. 1880ರಲ್ಲಿ ಆರಂಭವಾದ ಜರ್ಮನಿಯ ಸ್ಟೈಫ್ ಕಂಪನಿ 1902ರಲ್ಲಿ ಕೈಕಾಲು ತಿರುಗಿಸಬಹುದಾದ ಕರಡಿಯನ್ನು ರೂಪಿಸಿತು. ಅಂಗೋರಾ ಮೇಕೆಯ ಕೂದಲಿನ ಮೊಹೇರ್ ಬಟ್ಟೆಯೊಳಗೆ ಮರದ ಸಣ್ಣ ಎಳೆಗಳನ್ನು ತುಂಬುವ ಆ ಹಳೆಯ ಪದ್ಧತಿಯ ಕರಡಿಗಳು ಮುಟ್ಟಿದರೆ ಗಟ್ಟಿಯಾಗಿರುತ್ತವೆ. ಸಂಗ್ರಹಿಸುವವರಿಗೆ ಅವು ಚೆಂದ, ಅಪ್ಪಿ ಮಲಗುವವರಿಗಲ್ಲ. ಹತ್ತಿಯ ಊರಿನವಳಾದ ನನಗೂ ಗಾದಿ ಮಾಡುವವರಿಂದ ಹತ್ತಿ ತುಂಬಿಸುವ ಯೋಚನೆ ಬಂದಿತ್ತು. ಆದರೆ ಹತ್ತಿ ಭಾರ, ಬೇಗ ಗಂಟುಗಟ್ಟುತ್ತದೆ. ಪಾಲಿಯೆಸ್ಟರ್ ನಾರೇ ಒಳ್ಳೆಯದು.

ನಮ್ಮ ಎರಡೂ ಊರುಗಳಲ್ಲಿ ನಿಜವಾದ ತೊಂದರೆ ಧೂಳಿನದು. ಬೇಸಿಗೆಯ ಗಾಳಿಗೆ ಕಿವಿಯ ಬುಡದಲ್ಲಿ, ಹೊಲಿಗೆಯ ಸಂದಿನಲ್ಲಿ ಸಣ್ಣ ಧೂಳು ಕೂತುಬಿಡುತ್ತದೆ. ದೊಡ್ಡ ಗೊಂಬೆ ಮನೆಯ ವಾಷಿಂಗ್ ಮಷಿನ್‌ಗೆ ಹಿಡಿಸುವುದಿಲ್ಲ. ಹಾಗೆಯೇ ನೀರಿಗೆ ಹಾಕಿದರೆ ಒಳಗಿನ ನಾರು ದಿನಗಟ್ಟಲೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಆದ್ದರಿಂದ ಬೆನ್ನಿನಲ್ಲಿ ಜಿಪ್ ಇರುವುದನ್ನೇ ಆರಿಸಿ, ನಾರನ್ನು ದಿಂಬಿನ ಚೀಲಕ್ಕೆ ತೆಗೆದಿಟ್ಟು ಹೊರಬಟ್ಟೆಯನ್ನಷ್ಟೇ ಒಗೆಯಿರಿ. ಧೂಳಿನ ನುಸಿ ಸಾಯಲು 60 ಡಿಗ್ರಿಯ ಬಿಸಿನೀರು ಬೇಕು. ಬಟ್ಟೆ ಅದನ್ನು ತಾಳುತ್ತದೆಯೇ ಎಂಬುದನ್ನು ಚೀಟಿಯಲ್ಲಿ ನೋಡಿಕೊಳ್ಳಿ. ಉಬ್ಬಸವಿದ್ದರೆ ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ ಗೊಂಬೆಯೊಂದನ್ನೇ ನೆಚ್ಚದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಇನ್ನು ಕೊಳ್ಳುವಾಗ ಅಂಗಡಿಗೇ ಹೋಗಿ, ಸಂಕೋಚಪಡದೆ ಗೊಂಬೆಯನ್ನು ತಬ್ಬಿ ನೋಡಿ: ನಿಮ್ಮ ಎರಡು ಕೈಗಳೂ ಅದರ ಬೆನ್ನ ಹಿಂದೆ ಸಲೀಸಾಗಿ ಕೂಡಿದರೆ ಅದೇ ನಿಮಗೆ ತಕ್ಕ ಅಳತೆ.