ಸಿಯೋಲ್‌ನಿಂದ ಒಂದು ದಿನದ ಗ್ರೂಪ್ ಟೂರ್ ಸೇರಿದರೆ ಹಳೆಯ ಕೊರಿಯಾ ನೋಡೋಕೆ ಸಿಗುತ್ತಾ?

ಸಿಗುತ್ತದೆ. ಆದರೆ ಸಿಯೋಲ್‌ನ ಅರಮನೆಗಳಿಗೆ ಟೂರ್ ಬೇಡ, ಊರಾಚೆಯ ಹಳ್ಳಿಗೆ ಸೇರಿ. ನನ್ನ ಉತ್ತರ ಇಷ್ಟೇ. ಯಾಕೆ ಅನ್ನೋದು ಸ್ವಲ್ಪ ಉದ್ದವಾಗುತ್ತದೆ.

ನೀವು ಅಕ್ಟೋಬರ್ ಕೊನೆಯಲ್ಲಿ ಅಪ್ಪ ಅಮ್ಮನ ಜೊತೆ ಐದು ದಿನ ಸಿಯೋಲ್‌ಗೆ ಬರ್ತಿದ್ದೀರಿ. ಮಾಲು, ಮೇಕಪ್ ಅಂಗಡಿ ಬೇಡ, ಹಳೆಯ ಮನೆ, ಹಳೆಯ ಆಟ, ಊಟ ನೋಡಬೇಕು ಅಂತೀರಿ. ಅಮ್ಮ ಸಸ್ಯಾಹಾರಿ. ಯಾರಿಗೂ ಕೊರಿಯನ್ ಬರಲ್ಲ. ನಾನಿರೋದು ಸಿಯೋಲ್ ಪಕ್ಕದ ಸುವೊನ್‌ನಲ್ಲಿ, ಸಾಫ್ಟ್‌ವೇರ್ ಕೆಲಸ. ಊರಿಂದ ಬಂದ ನೆಂಟರನ್ನು, ಸ್ನೇಹಿತರನ್ನು ಇಂಥ ಬಸ್ಸು ಹತ್ತಿಸೋದು, ಎಷ್ಟೋ ಸಲ ಜೊತೆಗೆ ನಾನೂ ಹತ್ತೋದು ಇಲ್ಲಿ ಮಾಮೂಲಿ.

ಮೊದಲು ಅರಮನೆ ವಿಷಯ ಮುಗಿಸಿಬಿಡ್ತೀನಿ. ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ. ಟಿಕೆಟ್ 3,000 ವನ್, ಅಂದರೆ ಇನ್ನೂರು ರೂಪಾಯಿಯ ಆಸುಪಾಸು. ಬಾಡಿಗೆಗೆ ಕೊರಿಯಾದ ಹಳೆಯ ಕಾಲದ ಉಡುಪು ಹಾನ್‌ಬೊಕ್ ಉಟ್ಟು ಹೋದರೆ ಅದೂ ಇಲ್ಲ. ಒಳಗೆ ಇಂಗ್ಲಿಷ್‌ನಲ್ಲಿ ವಿವರಿಸುವ ಗೈಡ್ ಅರಮನೆಯ ಕಡೆಯಿಂದಲೇ ಉಚಿತ. ಇಷ್ಟೆಲ್ಲ ಇರುವಾಗ ಟೂರ್‌ಗೆ ಯಾಕೆ ದುಡ್ಡು ಕೊಡಬೇಕು ಹೇಳಿ? ಮಂಗಳವಾರ ಮಾತ್ರ ಹೋಗಬೇಡಿ, ರಜೆ. ಚಾಂಗ್‌ಡೊಕ್‌ಗುಂಗ್ ಅರಮನೆಗೆ ಸೋಮವಾರ ರಜೆ. ಅದರ ಹಿಂದಿನ ತೋಟಕ್ಕೆ ಬೇರೆ ಟಿಕೆಟ್, ಜನಕ್ಕೂ ಮಿತಿ ಇದೆ, ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಎರಡರಲ್ಲಿ ಒಂದಕ್ಕೇ ಸಮಯ ಅಂದರೆ ಚಾಂಗ್‌ಡೊಕ್‌ಗುಂಗ್‌ಗೇ ಹೋಗಿ ಅಂತೀನಿ. ಗ್ಯೊಂಗ್‌ಬೊಕ್‌ಗುಂಗ್ ಜಪಾನ್ ದಂಡೆತ್ತಿ ಬಂದ 1592ರ ಯುದ್ಧದಲ್ಲಿ ಸುಟ್ಟು, ಮುನ್ನೂರು ವರ್ಷದ ಹತ್ತಿರ ಹಾಳು ಬಿದ್ದಿತ್ತು. 1860ರ ದಶಕದಲ್ಲಿ ಮತ್ತೆ ಕಟ್ಟಿದ್ದನ್ನು ಜಪಾನಿಯರ ಆಳ್ವಿಕೆಯ ಕಾಲದಲ್ಲಿ ಬಹುಪಾಲು ಕೆಡವಿದರು. ಈಗ ಕಾಣೋದರಲ್ಲಿ ಹೊಸದಾಗಿ ಕಟ್ಟಿದ್ದೇ ಜಾಸ್ತಿ.

ಅರಮನೆಗಳ ನಡುವೆ ಬುಕ್‌ಚೊನ್ ಅಂತ ಹಳೆಯ ಹೆಂಚಿನ ಮನೆಗಳ ಬಡಾವಣೆ ಇದೆ. ಅಲ್ಲಿ ಜನ ವಾಸ ಇದ್ದಾರೆ. ಪ್ರವಾಸಿಗರ ಗಲಾಟೆ ತಡೆಯಲಾರದೆ, ಅದರ ಮುಖ್ಯ ಓಣಿಗಳಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಪ್ರವಾಸಿಗರನ್ನು ಬಿಡೋದು ಅಂತ ನಿಯಮ ಮಾಡಿದ್ದಾರೆ. ಆಮೇಲೆ ಅಲ್ಲಿ ಸುತ್ತಾಡಿದರೆ ದಂಡ 1,00,000 ವನ್.

ಇನ್ನು ಬುಕಿಂಗ್ ಆ್ಯಪ್ ತೆಗೆದರೆ ಮೊದಲು ಕಾಣೋದು ನಾಮಿ ದ್ವೀಪದ ಟೂರ್. ಸಾಲು ಮರ, ಬಣ್ಣದ ಎಲೆ, ಫೋಟೋಗೆ ಚೆನ್ನ. ಆದರೆ ಅದು 1944ರಲ್ಲಿ ಅಣೆಕಟ್ಟು ಕಟ್ಟಿ ನೀರು ಏರಿದಾಗ ಆದ ದ್ವೀಪ, ಟಿವಿ ಧಾರಾವಾಹಿಯಿಂದ ಹೆಸರಾಗಿದ್ದು. ಜೊತೆಗೆ ಕರೆದುಕೊಂಡು ಹೋಗೋ ಇನ್ನೊಂದು ಜಾಗ ಫ್ರೆಂಚ್ ಹಳ್ಳಿಯ ನಕಲು. 'ಸಂಸ್ಕೃತಿ' ಅಂತ ಹಣೆಪಟ್ಟಿ ಹಚ್ಚಿದ್ದರೂ ನೀವು ಹುಡುಕ್ತಿರೋದು ಅದಲ್ಲ.

ನಾನು ಹೇಳೋ ಜಾಗ ಆಂಡೊಂಗ್ ಅನ್ನೋ ಊರಿನ ಹತ್ತಿರದ ಹಾಹ್ವೆ ಹಳ್ಳಿ. ಸಿಯೋಲ್‌ನಿಂದ ಬಸ್ಸಲ್ಲಿ ಸುಮಾರು ಮೂರು ಗಂಟೆ. ಆಂಡೊಂಗ್‌ವರೆಗೆ ರೈಲು ಎರಡೇ ಗಂಟೆಯಲ್ಲಿ ಹೋಗುತ್ತದೆ, ನಿಜ. ಅಲ್ಲಿಂದ ಹಳ್ಳಿಗೆ ಸಿಟಿ ಬಸ್ ಅಪರೂಪ. ಒಂದು ತಪ್ಪಿದರೆ ವಯಸ್ಸಾದವರನ್ನು ಕೂರಿಸಿಕೊಂಡು ಕಾಯಬೇಕು. ಗ್ರೂಪ್ ಟೂರ್‌ಗೆ ಕೊಡೋ ದುಡ್ಡು ಸಾರ್ಥಕ ಆಗೋದು ಇಂಥ ಕಡೆ.

ಹಾಹ್ವೆ ಪ್ರದರ್ಶನಕ್ಕೆ ಕಟ್ಟಿದ ಹಳ್ಳಿ ಅಲ್ಲ. ರ್ಯು ಅನ್ನೋ ಮನೆತನದವರು ಸುಮಾರು ಆರುನೂರು ವರ್ಷದಿಂದ ಅಲ್ಲೇ ಇದ್ದಾರೆ. ನಕ್‌ಡೊಂಗ್ ನದಿ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹೋಗುತ್ತದೆ. ದೊಡ್ಡವರ ಹೆಂಚಿನ ಮನೆಗಳ ಸುತ್ತ ಒಕ್ಕಲುಗಳ ಹುಲ್ಲಿನ ಮನೆಗಳು. ಮಧ್ಯದಲ್ಲಿ ಒಂದು ಭಾರಿ ಹಳೆಯ ಮರ. ಊರ ದೇವತೆ ಅದರಲ್ಲಿದ್ದಾಳೆ ಅಂತ ನಂಬಿಕೆ. ಬಂದವರು ಬಿಳಿ ಕಾಗದದಲ್ಲಿ ಹರಕೆ ಬರೆದು ಸುತ್ತಲಿನ ಹಗ್ಗಕ್ಕೆ ಕಟ್ಟುತ್ತಾರೆ. ಕನ್ನಡದಲ್ಲೂ ಬರೆದು ಕಟ್ಟಬಹುದು, ಯಾರೂ ಬೇಡ ಅನ್ನಲ್ಲ. 2010ರಲ್ಲಿ ಈ ಹಳ್ಳಿ ಯುನೆಸ್ಕೋ ಪಟ್ಟಿಗೆ ಸೇರಿತು. 2025ರ ಮಾರ್ಚ್‌ನಲ್ಲಿ ಆ ಕಡೆಯ ಕಾಡಿಗೆ ದೊಡ್ಡ ಬೆಂಕಿ ಬಿದ್ದಾಗ ಊರವರನ್ನು ಖಾಲಿ ಮಾಡಿಸಬೇಕಾಯಿತು. ಪುಣ್ಯಕ್ಕೆ ಹಳ್ಳಿ ಉಳಿಯಿತು. ಅದೇ ಬೆಂಕಿಗೆ ಪಕ್ಕದ ಉಯ್‌ಸೊಂಗ್‌ನ ಗೊಉನ್‌ಸಾ ಅನ್ನೋ ಪುರಾತನ ಬೌದ್ಧ ದೇವಸ್ಥಾನದ ಬಹಳಷ್ಟು ಕಟ್ಟಡಗಳು ಸುಟ್ಟು ಬೂದಿಯಾದವು.

ಮನೆಗಳು ಯಾರದೋ ಸ್ವಂತದ್ದು ಅನ್ನೋದು ನೆನಪಿರಲಿ. ಬಾಗಿಲು ತೆರೆದಿದೆ ಅಂತ ಒಳಗೆ ನುಗ್ಗಬಾರದು. ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಿರ್ತಾರೆ, ಮಣ್ಣಿನ ಜಾಡಿಗಳಲ್ಲಿ ಸೋಯಾ ಹುದುಗಿಸಿ ಇಟ್ಟಿರ್ತಾರೆ. ಗೋಡೆಯ ಆಚೆಯಿಂದ ಅಷ್ಟು ಕಂಡರೂ ಅಮ್ಮಂದಿರಿಗೆ ಮಾತಾಡೋಕೆ ಸಾಕಷ್ಟು ಸಿಗುತ್ತದೆ.

ಆದರೆ ಈ ಟೂರ್‌ನ ಜೀವ ಇರೋದು ಮುಖವಾಡದ ಕುಣಿತದಲ್ಲಿ. ಅದಿಲ್ಲದ ಹಾಹ್ವೆ ಟೂರ್‌ಗೆ ದುಡ್ಡು ಕೊಡಬೇಡಿ. ಊರಿನ ಬಯಲು ರಂಗದಲ್ಲಿ ಮಧ್ಯಾಹ್ನದ ಹೊತ್ತು ಆಟ ನಡೆಯುತ್ತದೆ, ಸೋಮವಾರ ಇರಲ್ಲ. ನೀವು ಹೋಗೋ ದಿನ ಆಟ ಇದೆಯಾ, ಬಸ್ಸು ಆ ಹೊತ್ತಿಗೆ ಅಲ್ಲಿರುತ್ತಾ ಅಂತ ಬುಕ್ ಮಾಡೋ ಮುಂಚೆ ಮೆಸೇಜ್ ಹಾಕಿ ಕೇಳಿ.

ಮುಖವಾಡ ಹತ್ತಿರದಿಂದ ನೋಡಿ. ಮರದ್ದು. ಊರ ಯಜಮಾನನ ಮುಖವಾಡಕ್ಕೆ ಗಲ್ಲ ಬೇರೆ ತುಂಡು, ದಾರದಲ್ಲಿ ಕಟ್ಟಿರುತ್ತಾರೆ. ಕುಣಿಯೋನು ತಲೆ ಹಿಂದಕ್ಕೆ ವಾಲಿಸಿದರೆ ಬಾಯಿ ಅಗಲವಾಗಿ ಯಜಮಾನ ಗಹಗಹಿಸಿ ನಗುತ್ತಾನೆ. ತಲೆ ತಗ್ಗಿಸಿದರೆ ಬಾಯಿ ಮುಚ್ಚಿ, ಹುಬ್ಬಿನ ನೆರಳು ಬಿದ್ದು, ಅದೇ ಮುಖಕ್ಕೆ ಸಿಟ್ಟು ಬರುತ್ತದೆ. ಪೆದ್ದನ ಪಾತ್ರದ ಮುಖವಾಡಕ್ಕೆ ಗಲ್ಲವೇ ಇಲ್ಲ. ಕೆತ್ತುತ್ತಿದ್ದ ಹುಡುಗನನ್ನು ಯಾರೂ ನೋಡಬಾರದು ಅಂತ ದೇವರ ಅಪ್ಪಣೆ ಇತ್ತಂತೆ, ಪ್ರೀತಿಸಿದವಳು ಕಿಂಡಿಯಲ್ಲಿ ಇಣುಕಿದಳಂತೆ, ಅವನು ಅಲ್ಲೇ ರಕ್ತ ಕಾರಿ ಸತ್ತ, ಮುಖವಾಡ ಅರ್ಧಕ್ಕೇ ನಿಂತಿತು ಅಂತ ಕಥೆ.

ಆಟ ಪೂರ್ತಿ ದೊಡ್ಡವರ ಗೇಲಿ. ಯಜಮಾನ ಮತ್ತು ವಿದ್ವಾಂಸ ಇಬ್ಬರೂ ನಾನು ಹೆಚ್ಚು ನೀನು ಹೆಚ್ಚು ಅಂತ ಕಿತ್ತಾಡುತ್ತಾರೆ. ಸನ್ಯಾಸಿ ಹೆಣ್ಣಿನ ಹಿಂದೆ ಬೀಳುತ್ತಾನೆ. ಕಟುಕ ಒಂದು ಎತ್ತು ಕಡಿಯುತ್ತಾನೆ (ಒಳಗೆ ಇಬ್ಬರು ಮನುಷ್ಯರು, ಗಾಬರಿ ಬೇಡ). ಆಮೇಲೆ ಅದರ ಬೀಜ ತಿಂದರೆ ಗಂಡಸುತನ ಬರುತ್ತದೆ ಅಂತ ಮಾರೋಕೆ ಬಂದರೆ, ಅಲ್ಲಿವರೆಗೆ ಗಂಭೀರವಾಗಿದ್ದ ದೊಡ್ಡವರಿಬ್ಬರೂ ಅದಕ್ಕೆ ಎಳೆದಾಡುತ್ತಾರೆ. ಅಪ್ಪ ಅಮ್ಮನ ಪಕ್ಕ ಕೂತು ನೋಡುವಾಗ ಒಂಚೂರು ಮುಜುಗರ ಆಗಬಹುದು, ಆದರೆ ಮೊದಲು ನಗೋರು ಅವರೇ. ಹೀಗೆ ಗೇಲಿ ಮಾಡೋಕೆ ಆ ದೊಡ್ಡ ಮನೆತನದವರೇ ಬಿಟ್ಟಿದ್ದರು. ಇದು ಮೂಲದಲ್ಲಿ ಊರ ದೇವತೆಗೆ ಮಾಡುತ್ತಿದ್ದ ಸೇವೆಯ ಭಾಗ. ಒಕ್ಕಲು ಮಕ್ಕಳು ಮುಖವಾಡ ಹಾಕಿಕೊಂಡಷ್ಟು ಹೊತ್ತು ಏನು ಬೇಕಾದರೂ ಅನ್ನಬಹುದಿತ್ತು. 1928ರಲ್ಲಿ ಕೊನೆಯ ಸೇವೆ ಆಗಿ ನಿಂತುಹೋಯಿತು. 1970ರ ದಶಕದಲ್ಲಿ ಮತ್ತೆ ಎಬ್ಬಿಸಿದರು. ಕೊರಿಯಾದ ಮುಖವಾಡ ಕುಣಿತಗಳೆಲ್ಲ 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಭಾಷೆ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ, ಮೈಯಲ್ಲೇ ಎಲ್ಲ ಅರ್ಥ ಆಗುತ್ತದೆ. ಮುಂದಿನ ಸಾಲಲ್ಲಿ ಕೂತರೆ ಆ ಪೆದ್ದ ನಿಮ್ಮಪ್ಪನ ಕೈ ಹಿಡಿದು ಕುಣಿಯೋಕೆ ಎಳೆದರೂ ಎಳೆದ.

ಕೆಲವು ಟೂರ್‌ಗಳು ಪಕ್ಕದ ಬ್ಯೊಂಗ್‌ಸಾನ್ ಗುರುಕುಲಕ್ಕೂ ಕರೆದುಕೊಂಡು ಹೋಗುತ್ತವೆ. ಇದ್ದರೆ ಬಿಡಬೇಡಿ. 1592ರ ಯುದ್ಧದ ಕಾಲದಲ್ಲಿ ರಾಜನ ಪ್ರಧಾನ ಮಂತ್ರಿಯಾಗಿದ್ದ ರ್ಯು ಸೊಂಗ್‌ರ್ಯೊಂಗ್ ನೆನಪಿನ ಜಾಗ ಅದು, ಅವನೂ ಹಾಹ್ವೆಯ ಮನೆತನದವನೇ. ಉದ್ದನೆಯ ಮರದ ಜಗುಲಿಗೆ ಗೋಡೆಗಳಿಲ್ಲ. ಕಂಬ ಕಂಬದ ನಡುವೆ ನದಿ, ಆಚೆ ಬೆಟ್ಟ. ಅಕ್ಟೋಬರ್ ಕೊನೆಗೆ ಅಲ್ಲಿ ಎಲೆ ಬಣ್ಣ ತಿರುಗೋ ಸಮಯ.

ಟೂರ್ ಆರಿಸೋದು ಹೇಗೆ? ಎಷ್ಟು ಜಾಗ ತೋರಿಸ್ತಾರೆ ಅನ್ನೋದನ್ನು ನೋಡಲೇಬೇಡಿ. ಒಂದೊಂದು ಕಡೆ ಎಷ್ಟು ಹೊತ್ತು ಬಿಡ್ತಾರೆ ಅಂತ ನೋಡಿ. ಒಂದೇ ದಿನಕ್ಕೆ ಆರು ಜಾಗ ತುರುಕಿದ ಟೂರ್ ಅಂದರೆ ಮದುವೆ ಮನೆ ಪಂಕ್ತಿಯ ಹಾಗೆ, ಸಾರನ್ನ ಮುಗಿಯೋ ಮುಂಚೆ ಎಲೆಗೆ ಪಾಯಸ ಸುರಿದಿರ್ತಾರೆ. ಹಾಹ್ವೆಗೆ ಕುಣಿತ ಸೇರಿ ಕನಿಷ್ಠ ಮೂರು ಗಂಟೆ ಬೇಕು. ಬೆಲೆ ಅತಿ ಕಡಿಮೆ ಇದ್ದರೆ ಅಂಗಡಿ ಭೇಟಿ ಇದೆಯಾ ಅಂತ ಕೇಳಿ. ಒಂದು ಸಲ ನನ್ನ ನೆಂಟರನ್ನು ಹಳೆ ಕೋಟೆ ಬೇಗ ಬೇಗ ತೋರಿಸಿ, ಜಿನ್ಸೆಂಗ್ ಅನ್ನೋ ಔಷಧಿ ಬೇರಿನ ಅಂಗಡಿಯಲ್ಲಿ ಕೂರಿಸಿ ಉಪನ್ಯಾಸ ಕೊಟ್ಟರು. ಆಮೇಲೆ ನೇರಳೆ ಹರಳಿನ ಅಂಗಡಿ. ಕೊಳ್ಳಲೇಬೇಕು ಅಂತ ಯಾರೂ ಹೇಳಲಿಲ್ಲ, ಆದರೆ ದಿನದ ಒಳ್ಳೆ ಹೊತ್ತೆಲ್ಲ ಅಲ್ಲೇ ಹೋಯಿತು. 'ಶಾಪಿಂಗ್ ಇಲ್ಲ' ಅಂತ ಬರೆದಿದ್ದನ್ನೇ ತಗೊಳ್ಳಿ. ಗೈಡ್ ಇಂಗ್ಲಿಷ್‌ನವರಾ, ಅಥವಾ ಒಂದೇ ಬಸ್ಸಲ್ಲಿ ಚೀನೀ ಭಾಷೆ, ಇಂಗ್ಲಿಷ್ ಎರಡೂನಾ ಅಂತಲೂ ನೋಡಿ. ಎರಡಿದ್ದರೆ ವಿವರಣೆ ಅರ್ಧ ಆಗುತ್ತದೆ. ಜನ ಸಾಲದೆ ಟೂರ್ ರದ್ದಾಗೋದೂ ಉಂಟು, ಹಾಗಾಗಿ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಊಟದ ಮಾತು. ಇದೇ ನಿಜವಾದ ಕಷ್ಟ. ಆಂಡೊಂಗ್ ಅಂದರೆ ಕೋಳಿ ಮತ್ತು ಉಪ್ಪು ಹಾಕಿದ ಬಂಗುಡೆ. ಕಡಲಿಂದ ಒಳನಾಡಿಗೆ ಮೀನು ಹೊತ್ತು ತರುವಾಗ ಕೆಡದಿರಲಿ ಅಂತ ಉಪ್ಪು ಹಾಕುತ್ತಿದ್ದರು, ಆ ರುಚಿಯೇ ಊರಿನ ಹೆಸರಾಯಿತು. ತರಕಾರಿ ಬಿಬಿಂಬಾಪ್ (ಅನ್ನದ ಮೇಲೆ ತರಕಾರಿ ಹಾಕಿ ಕಲಸಿ ತಿನ್ನೋದು) ಸಿಗುತ್ತದೆ. ಮಾಂಸ, ಮೊಟ್ಟೆ ಬೇಡ ಅಂದರೆ ತೆಗೆದು ಕೊಡುತ್ತಾರೆ. ಆದರೆ ಜೊತೆಗೆ ಕೊಡೋ ಸಾರಿನಲ್ಲಿ ಒಣ ಮೀನು ಕುದಿಸಿರ್ತಾರೆ, ಕಿಮ್ಚಿ ಅನ್ನೋ ಎಲೆಕೋಸಿನ ಉಪ್ಪಿನಕಾಯಿಯಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿ ಹುದುಗಿಸಿದ ಮೀನು ಅಥವಾ ಸೀಗಡಿ ಸೇರಿರುತ್ತದೆ. ಬರೀ ಎಲೆಕೋಸು ಅಂತ ಅಂದುಕೊಳ್ಳಬೇಡಿ. 'ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ತಿನ್ನಲ್ಲ' ಅಂತ ಕೊರಿಯನ್‌ನಲ್ಲಿ ಬರೆದು ಫೋನಲ್ಲಿಟ್ಟುಕೊಂಡು ತೋರಿಸಿ. ಬರೀ 'ವೆಜಿಟೇರಿಯನ್' ಅಂದರೆ ಮೀನು ಬಂದೀತು. ದಾರಿಯಲ್ಲಿ ಹೈವೇ ವಿಶ್ರಾಂತಿ ತಾಣಕ್ಕೆ ಬಸ್ ನಿಲ್ಲಿಸ್ತಾರೆ, ಅಲ್ಲಿ ಬೆಣ್ಣೆಯಲ್ಲಿ ಹುರಿದ ಪುಟ್ಟ ಆಲೂಗಡ್ಡೆ ಸಿಗುತ್ತದೆ, ಅದನ್ನು ಕಟ್ಟಿಸಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಬ್ಯಾಗಲ್ಲಿ ಇರಲೇಬೇಕು.

ಅಮ್ಮನಿಗೆ ಕೊರಿಯಾದ ಊಟ ಸಮಾಧಾನವಾಗಿ ತಿನ್ನಿಸಬೇಕು ಅಂದರೆ ಇನ್ನೊಂದು ದಿನ ಸಿಯೋಲ್‌ನಲ್ಲೇ ಬೌದ್ಧ ದೇವಸ್ಥಾನದ ಅಡುಗೆ ಬಡಿಸುವ ಹೋಟೆಲ್‌ಗೆ ಕರೆದುಕೊಂಡು ಹೋಗಿ. ಮಾಂಸ ಮೀನು ಮಾತ್ರ ಅಲ್ಲ, ಬೆಳ್ಳುಳ್ಳಿ, ಈರುಳ್ಳಿ ಜಾತಿಯದೂ ಅಲ್ಲಿ ನಿಷಿದ್ಧ. ಒಟ್ಟು ಐದು ಘಾಟಿನ ಪದಾರ್ಥ ಬಿಟ್ಟಿದ್ದಾರೆ. ತಮಾಷೆ ಏನು ಗೊತ್ತಾ, ಐದನೆಯದು ಇಂಗು! ಈರುಳ್ಳಿ ಬಿಟ್ಟ ಮನೆಗಳಲ್ಲಿ ನಾವು ಇಂಗನ್ನೇ ನಂಬಿಕೊಂಡು ಒಗ್ಗರಣೆ ಹಾಕೋದು, ಅವರು ಇಂಗನ್ನೂ ಬಿಟ್ಟಿದ್ದಾರೆ. ಕೊರಿಯಾದ ಅಡುಗೆಮನೆಗೆ ಇಂಗು ಬಂದದ್ದೇ ಇಲ್ಲ ಅನ್ನಿ, ಆದರೂ ಪಟ್ಟಿಯಲ್ಲಿದೆ.

ಮೂರು ಮೂರು ಗಂಟೆ ಬಸ್ಸು ಅಪ್ಪನ ಮಂಡಿಗೆ ಆಗಲ್ಲ ಅಂದರೆ ನಮ್ಮ ಸುವೊನ್ ಕಡೆಗೆ ಬನ್ನಿ. ಹ್ವಾಸೊಂಗ್ ಕೋಟೆ ಮತ್ತು ಯೊಂಗಿನ್‌ನ ಜಾನಪದ ಹಳ್ಳಿ ಸೇರಿಸಿ ಟೂರ್‌ಗಳಿವೆ, ಸಿಯೋಲ್‌ನಿಂದ ಗಂಟೆಯ ಆಸುಪಾಸು. ಜಾನಪದ ಹಳ್ಳಿ 1974ರಲ್ಲಿ ಶುರುವಾದ ಬಯಲು ಮ್ಯೂಸಿಯಂ, ಹಾಹ್ವೆಯಂತೆ ಜನ ವಾಸವಿರೋ ಊರಲ್ಲ. ಆದರೆ ಹಗ್ಗದ ಮೇಲೆ ನಡೆಯೋ ಆಟ, ರೈತರ ಡೋಲು ಕುಣಿತ, ಹಳೆಯ ಮದುವೆ ಶಾಸ್ತ್ರ ಎಲ್ಲ ಒಂದೇ ಕಡೆ ಸಿಗುತ್ತದೆ. ಕೋಟೆಯನ್ನು ರಾಜ ಜೊಂಗ್‌ಜೊ 1794ರಿಂದ 1796ರೊಳಗೆ ಕಟ್ಟಿಸಿದ. ಅವನ ಅಪ್ಪನನ್ನು ತಾತನೇ ಅಕ್ಕಿ ಪೆಟ್ಟಿಗೆಯಲ್ಲಿ ಕೂಡಿ ಹಾಕಿ ಕೊಲ್ಲಿಸಿದ್ದ, ಆ ಅಪ್ಪನ ಸಮಾಧಿಯನ್ನು ಈ ಕಡೆಗೆ ತಂದಿಟ್ಟು ಊರನ್ನೇ ಹೊಸದಾಗಿ ಕಟ್ಟಿದ. ಬಿಲ್ಲು ಹಿಡಿದು ಬಾಣ ಬಿಡೋದೂ ಕಲಿಸ್ತಾರೆ. ಗೋಡೆ 5.7 ಕಿಲೋಮೀಟರ್ ಇದೆ, ಪೂರ್ತಿ ಸುತ್ತೋ ಹಟ ಬೇಡ.

ಭಾರತೀಯರಿಗೆ ಮೊದಲೇ ವೀಸಾ ಬೇಕು, ಅದನ್ನು ಬೇಗ ಹಾಕಿ. ಬಸ್ಸು ಹೇಳಿದ ನಿಮಿಷಕ್ಕೆ ಹೊರಡುತ್ತದೆ, ಕಾಯಲ್ಲ. ಭೇಟಿಯ ಜಾಗ 'ಇಂಥ ಸ್ಟೇಷನ್ನಿನ ಇಂಥ ನಂಬರಿನ ಗೇಟು' ಅಂತ ಇರುತ್ತದೆ. ಗೂಗಲ್ ಮ್ಯಾಪ್‌ಗಿಂತ ಕೊರಿಯಾದವರದೇ ನೇವರ್ ಮ್ಯಾಪ್ ಆ್ಯಪ್ ಇಲ್ಲಿ ವಾಸಿ, ಹಿಂದಿನ ದಿನವೇ ಗೇಟು ನೋಡಿಟ್ಟುಕೊಳ್ಳಿ. ಎಲೆ ಬಣ್ಣದ ಸಮಯದಲ್ಲಿ ಶನಿವಾರ ಭಾನುವಾರ ಇಡೀ ಸಿಯೋಲ್ ಹೈವೇ ಮೇಲಿರುತ್ತದೆ, ವಾಪಸ್ ಬರೋದು ತುಂಬಾ ತಡವಾಗಬಹುದು. ಮಂಗಳವಾರದಿಂದ ಶುಕ್ರವಾರದೊಳಗೆ ಹಾಹ್ವೆ ಇಟ್ಟುಕೊಳ್ಳಿ, ಆ ರಾತ್ರಿಗೆ ವಿಮಾನ ಬೇಡ. ಬೆಳಿಗ್ಗೆ ನದಿ ಪಕ್ಕ ಚೆನ್ನಾಗೇ ಚಳಿ ಇರುತ್ತದೆ, ಅಪ್ಪ ಅಮ್ಮನಿಗೆ ಸ್ವೆಟರ್, ಮಫ್ಲರ್ ತಗೊಂಡು ಬನ್ನಿ.